ಕಡ್ಡಿಯಿಂದ ಬಿಲ್ಲೆಗೆ: ದ್ರವ ಸ್ಫಟಿಕಗಳ ಬೆಂಗಳೂರು ಅಧ್ಯಾಯ

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟರಿಲ್ ಬೆಂಜೋಯೇಟನ್ನು ಕಾಯಿಸಿದಾಗ ಅದು ಎರಡು ಬಾರಿ ಕರಗಿದಂತೆ ಕಂಡಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಸುಕಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಸ್ಥಿತಿ ದ್ರವದಂತೆ ಹರಿಯುತ್ತದೆ. ಆದರೂ ಅದರ ಅಣುಗಳಲ್ಲಿ ಸ್ಫಟಿಕದ ಕ್ರಮ ಸ್ವಲ್ಪಮಟ್ಟಿಗೆ ಉಳಿದಿರುತ್ತದೆ. ಇದೇ ದ್ರವ ಸ್ಫಟಿಕ.

ಯಾವ ಅಣುಗಳು ಹೀಗೆ ವರ್ತಿಸುತ್ತವೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಡೇನಿಯಲ್ ಫೋರ್‌ಲ್ಯಾಂಡರ್ ಅನೇಕ ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಿದರು. ಅಣು ನೀಳವಾಗಿ, ನೇರವಾಗಿ ಇರಬೇಕು ಎಂಬುದು ಅವರ ತೀರ್ಮಾನ. ಒತ್ತೊತ್ತಾಗಿ ಸೇರಿದ ಕಡ್ಡಿಗಳು ಒಂದೇ ದಿಕ್ಕಿಗೆ ತಿರುಗುವುದು ಸಹಜ. ಹೀಗಾಗಿ ದ್ರವ ಸ್ಫಟಿಕಕ್ಕೆ ಕಡ್ಡಿಯಾಕಾರವೇ ಬೇಕೆಂಬ ನಂಬಿಕೆ ದಶಕಗಳ ಕಾಲ ಉಳಿಯಿತು.

ಅದನ್ನು ಬದಲಿಸಿದ್ದು ಬೆಂಗಳೂರಿನ ಒಂದು ಪ್ರಯೋಗ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ಆ ಲೇಖನ ಪ್ರಕಟವಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ.

ಅವರ ಅಣುವಿನ ನಡುವೆ ಚಪ್ಪಟೆಯಾದ ಬೆಂಜೀನ್ ಉಂಗುರ. ಸುತ್ತಲೂ ಆರು ಬಳುಕುವ ಹೈಡ್ರೊಕಾರ್ಬನ್ ಸರಪಳಿಗಳು. ಚಪ್ಪಟೆ ತಿರುಳುಗಳು ಹಪ್ಪಳ ಪೇರಿಸಿದಂತೆ ಒಂದರ ಮೇಲೊಂದು ಕುಳಿತು ಕಂಬವಾಗುತ್ತವೆ. ಸರಪಳಿಗಳು ಕರಗಿದ ಸ್ಥಿತಿಯಲ್ಲೇ ಇದ್ದು ಕಂಬಗಳ ನಡುವಿನ ಜಾಗ ತುಂಬುತ್ತವೆ. ಕಂಬಗಳು ಷಟ್ಕೋನ ಜಾಲದಲ್ಲಿ ನಿಲ್ಲುತ್ತವೆಂದು ಕ್ಷ-ಕಿರಣ ಚಿತ್ರಗಳು ತಿಳಿಸಿದವು. ಆದರೆ ಕಂಬದೊಳಗೆ ಬಿಲ್ಲೆಗಳ ಅಂತರ ಕ್ರಮಬದ್ಧವಲ್ಲ. ಎಂದರೆ ಎರಡು ದಿಕ್ಕಿನಲ್ಲಿ ಸ್ಫಟಿಕ, ಮೂರನೆಯದರಲ್ಲಿ ದ್ರವ! ಇದನ್ನು ಯಾರೂ ಜೋಡಿಸಬೇಕಿಲ್ಲ. ಅಣುವಿನ ಆಕಾರವೇ ದಾರಿ ತೋರುತ್ತದೆ.

ಮುಂದೆ ಟ್ರೈಫೆನಿಲೀನ್ ತಿರುಳಿನ ಬಿಲ್ಲೆ ಅಣುಗಳಿಂದ ಮಾಡಿದ ಪದರಗಳು ಎಲ್‌ಸಿಡಿ ಪರದೆಯನ್ನು ಓರೆಯಿಂದಲೂ ಸ್ಪಷ್ಟವಾಗಿ ಕಾಣುವಂತೆ ಮಾಡಿದವು. 1996ರಲ್ಲಿ ಜಪಾನಿನ ಸಂಶೋಧಕರು ಬಾಗಿದ ಅಣುಗಳ ವಿದ್ಯುತ್ ಧ್ರುವೀಯ ಗುಣವನ್ನು ವರದಿ ಮಾಡಿದಾಗ ಮೂರನೆಯ ಆಕಾರವೂ ಮುನ್ನೆಲೆಗೆ ಬಂತು.

ಚಂದ್ರಶೇಖರ್ 1991ರಲ್ಲಿ ಸ್ಥಾಪಿಸಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಗಿದ್ದು, ನೆಲಮಂಗಲದ ಕಡೆಯ ಶಿವನಪುರದಲ್ಲಿದೆ. ಅವರು 2004ರಲ್ಲಿ ತೀರಿಕೊಂಡರು. ಫೋರ್‌ಲ್ಯಾಂಡರ್ ಅವರ ನಿಯಮ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಪಠ್ಯದ ನಿಯಮವೊಂದನ್ನು ಪಾಠ ಮಾಡುವಾಗ ಅದನ್ನು ಯಾವ ಯಾವ ವಸ್ತುಗಳ ಮೇಲೆ ಪರೀಕ್ಷಿಸಲಾಗಿದೆ ಎಂದು ವಿದ್ಯಾರ್ಥಿಗಳು ಕೇಳುವುದನ್ನು ಕಲಿತರೆ, ಅದೇ ಈ ಇತಿಹಾಸದ ಪ್ರಯೋಜನ.