ಹಲಸಿಯ ತಾಮ್ರಪಟಗಳಲ್ಲಿ ಉಪಕಾರಸ್ಮರಣೆ

ಉಪಕಾರವನ್ನು ನೆನೆಯುವದು ಮನುಷ್ಯನಿಗೆ ಸಹಜವಾದ ಗುಣವು. ಆದರೆ ಆ ನೆನಹಿಗೆ ವರುಷದಲ್ಲಿ ಇಂಥ ದಿನವೆಂದು ಗೊತ್ತುಪಡಿಸಿ, ಆ ದಿನ ಹತ್ತು ಜನ ಕೂಡಿ ಉಣ್ಣುವಂತೆ ಮಾಡಿ, ಅದರ ವೆಚ್ಚಕ್ಕೆ ಒಂದು ಊರಿನ ಉತ್ಪನ್ನವನ್ನು ಹಚ್ಚಿಕೊಡುವದು ಗುಣದ ಮಾತಲ್ಲ, ಏರ್ಪಾಡಿನ ಮಾತು. ಗುಣವು ಮನುಷ್ಯನೊಡನೆ ತೀರಿಹೋಗಬಹುದು. ಏರ್ಪಾಡು ಮಕ್ಕಳು ಮೊಮ್ಮಕ್ಕಳವರೆಗೆ ನಡೆದುಬರುವದು.

ಇಂಥ ಏರ್ಪಾಡಿಗೆ ಇಂದು ಜಗತ್ತಿನಲ್ಲೆಲ್ಲ ಹೆಸರಾದ ಉದಾಹರಣೆಯೆಂದರೆ ಅಮೇರಿಕೆಯ ಕೃತಜ್ಞತೆಯ ಹಬ್ಬವು. 1621ರ ಸುಗ್ಗಿಯಲ್ಲಿ ಪ್ಲಿಮತ್ತಿನ ವಲಸೆಗಾರರು ಅಲ್ಲಿಯ ಮೂಲನಿವಾಸಿಗಳಾದ ವಾಂಪನೋಗರೊಡನೆ ಮೂರು ದಿನ ಔತಣ ನಡೆಯಿಸಿದುದನ್ನು ಅದರ ಮೊದಲೆಂದು ಹೇಳುವರು. ಆದರೆ ಅದು ರಾಷ್ಟ್ರದ ಹಬ್ಬವಾಗಿ ನೆಲೆಗೊಂಡುದು ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ನನು ನವೆಂಬರ ತಿಂಗಳ ಕಡೆಯ ಗುರುವಾರವನ್ನು ಅದಕ್ಕೆ ಮೀಸಲಿರಿಸಿದಾಗ. ನಾಲ್ಕನೆಯ ಗುರುವಾರವೆಂದು ಕಾಯಿದೆಯಾದುದು 1941ರಲ್ಲಿ. ಅಂದು ದೂರದೂರಿನ ಮಕ್ಕಳು ತಾಯಿತಂದೆಗಳ ಮನೆಗೆ ಬಂದು ಒಂದೇ ಮೇಜಿಗೆ ಕೂಡುವರು. ವರ್ತಕರು, ವಕೀಲರು, ಹಲ್ಲಿನ ವೈದ್ಯರು ಸಹ ತಮ್ಮನ್ನು ನೆಚ್ಚಿ ಬಂದ ಕುಟುಂಬಗಳಿಗೆ ವಂದನೆಯ ಓಲೆಗಳನ್ನು ಕಳುಹುವರು. ತನ್ನ ಬಾಳು ಯಾರಿಂದ ನಡೆದಿದೆಯೋ ಅವರನ್ನು ನೆನೆಯುವದು ಇದರ ತಿರುಳು.

ಬೆಳಗಾವಿ ಸೀಮೆಯ ವಾಚಕರಿಗೆ ಈ ತಿರುಳು ಹೊಸದಲ್ಲ. ಇದೇ ಜಿಲ್ಲೆಯ ಮಣ್ಣಿನಲ್ಲಿ, ಸುಮಾರಾಗಿ ಇದೇ ತಿಂಗಳಲ್ಲಿ, ಹದಿನೈದು ಶತಮಾನಗಳ ಹಿಂದೆ ವರುಷ ವರುಷವೂ ನಡೆಯಬೇಕೆಂದು ಕಟ್ಟುಮಾಡಿದ ಒಂದು ಹಬ್ಬವಿತ್ತು. ಅದರ ಬೇರು ಒಬ್ಬ ಸೇನಾಪತಿಯು ಒಬ್ಬ ಯುವರಾಜನಿಗೆ ಮಾಡಿದ ಉಪಕಾರದಲ್ಲಿ ಇದ್ದಂತೆ ತೋರುವದು. ಅದರ ಕಥೆಯನ್ನು ಹೇಳುವವು ಹಲಸಿಯ ತಾಮ್ರಪಟಗಳು.

ಬೆಳಗಾವಿಯನ್ನು ಬಿಟ್ಟು ದಕ್ಷಿಣದ ದಾರಿ ಹಿಡಿದರೆ ಮೊದಲು ಮಚ್ಛೆ, ಮುಂದೆ ಖಾನಾಪುರ. 1998ರಲ್ಲಿ ಸ್ಥಾಪಿತವಾದ ತಾಂತ್ರಿಕ ವಿಶ್ವವಿದ್ಯಾಲಯದಿಂದಲೂ ಕಾರಖಾನೆಗಳಿಂದಲೂ ಮಚ್ಛೆಯ ಹೆಸರು ಈಗ ದೂರದವರಿಗೂ ತಿಳಿದಿದೆ; ಆದರೂ ಆ ದಾರಿಯ ಸೀಮೆಯು ಮೂಲತಃ ಬತ್ತದ ಸೀಮೆ. ಖಾನಾಪುರದಿಂದ ಆಗ್ನೇಯಕ್ಕೆ ತಿರುಗಿ, ರಾಯಣ್ಣನ ಸಮಾಧಿಯಿರುವ ನಂದಗಡವನ್ನು ದಾಟಿದರೆ ಹಲಸಿಯು ಸಿಗುವದು. ಇಂದು ಅದು ಚಿಕ್ಕ ಹಳ್ಳಿ. ಕದಂಬರ ಕಾಲಕ್ಕೆ ಅದು ಪಲಾಶಿಕಾ ನಗರ, ವೈಜಯಂತಿಯೆನಿಸಿದ ಬನವಾಸಿಗೆ ಎರಡನೆಯದಾದ ರಾಜಧಾನಿ. ಊರ ಹೊರಗೆ ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಸಣ್ಣ ಬಾವಿಯ ಮಗ್ಗುಲಿನ ಮಣ್ಣದಿಬ್ಬದಲ್ಲಿ ಏಳು ತಾಮ್ರಶಾಸನಗಳು ದೊರೆತವು. ಜೆ. ಎಫ್. ಫ್ಲೀಟರು ಅವನ್ನು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ 6ನೆಯ ಸಂಪುಟದಲ್ಲಿ ಪಾಠಸಹಿತವಾಗಿ ಪ್ರಕಟಿಸಿದರು. ಭಾಷೆ ಸಂಸ್ಕೃತ, ಕಾಲ ಕ್ರಿ. ಶ. 5 ಮತ್ತು 6ನೆಯ ಶತಮಾನ. ಕದಂಬರ ವಂಶಾವಳಿಯನ್ನು ಜೋಡಿಸುವದಕ್ಕಾಗಿ ಇತಿಹಾಸಕಾರರು ಇವನ್ನು ಬಹಳವಾಗಿ ಬಳಸಿದ್ದಾರೆ. ಅರಸರ ಹೆಸರುಗಳನ್ನು ಆರಿಸಿಕೊಂಡ ಮೇಲೆ ಉಳಿದುದನ್ನು ಓದಿದವರು ಕಡಿಮೆ. ಆದರೆ ರಸವಿರುವದು ಆ ಉಳಿದುದರಲ್ಲಿಯೇ.

ಏಳರಲ್ಲಿ ಮೊದಲನೆಯದು ಕಾಕುಸ್ಥವರ್ಮನದು. ಆಗ ಆತನು ಇನ್ನೂ ಯುವರಾಜ. ‘ಎಂಬತ್ತನೆಯ ವಿಜಯಸಂವತ್ಸರ’ವೆಂದು ಅದರಲ್ಲಿ ಕಾಲವನ್ನು ಹೇಳಿದೆ, ಯುವರಾಜನಾದವನ ಸ್ವಂತ ಆಳಿಕೆಯ ಎಂಬತ್ತನೆಯ ವರುಷ ಇದಾಗಲಾರದಷ್ಟೆ. ಮಯೂರಶರ್ಮನ ಪಟ್ಟಬಂಧದಿಂದ ಎಣಿಸಿದುದೆಂದು ಕೆಲವರು, ಗುಪ್ತಶಕವೆಂದು ಕೆಲವರು. ಅದಿರಲಿ. ಖೇಟಗ್ರಾಮದಲ್ಲಿಯ ಬದೋವರವೆಂಬ ಕ್ಷೇತ್ರವನ್ನು ಶ್ರುತಕೀರ್ತಿಯೆಂಬ ಸೇನಾಪತಿಗೆ ಯುವರಾಜನು ಕೊಟ್ಟನು. ಏತಕ್ಕೆ ಕೊಟ್ಟನೆಂಬುದನ್ನು ಶಾಸನವು ಒಂದೇ ಮಾತಿನಲ್ಲಿ ಹೇಳುವದು: ತನ್ನ ‘ತಾರಣ’ಕ್ಕಾಗಿ.

ತನ್ನನ್ನು ಪಾರುಮಾಡಿದುದಕ್ಕೆ ಪ್ರತಿಯಾಗಿ ಎಂದು ಫ್ಲೀಟರು ಇದನ್ನು ಅರ್ಥಮಾಡಿದರು. ಯಾವುದೋ ಕಾಳಗದಲ್ಲಿಯೋ ಆಪತ್ತಿನಲ್ಲಿಯೋ ಸೇನಾಪತಿಯು ಯುವರಾಜನ ಪ್ರಾಣವನ್ನು ಉಳಿಸಿರಬೇಕು. ಆದರೆ ಇನ್ನೊಂದು ಅರ್ಥವೂ ಅಷ್ಟೇ ಸರಾಗವಾಗಿ ಕೂಡುವದು: ತನ್ನ ಆತ್ಮವು ಸಂಸಾರವನ್ನು ದಾಟುವದಕ್ಕಾಗಿ ಕೊಟ್ಟ ದಾನವೆಂದು. ಈ ಎರಡನೆಯ ಅರ್ಥಕ್ಕೆ ಬಲವೂ ಇದೆ. ಅದೇ ವಾಕ್ಯದಲ್ಲಿ ಅರ್ಹಂತರನ್ನು ಮೂರು ಲೋಕಗಳನ್ನು ದಾಟಿಸುವವರೆಂದು ಕರೆದಿದೆ. ಎರಡು ಮಾತುಗಳ ಧಾತುವೂ ಒಂದೇ. ಹಾಗಾದರೆ ಇದು ಉಪಕಾರದ ಲೆಕ್ಕವೋ, ಪುಣ್ಯದ ಲೆಕ್ಕವೋ?

ಪುಣ್ಯಕ್ಕಾಗಿ ದಾನ ಮಾಡುವವನು ಆಚಾರ್ಯನಿಗೆ ಮಾಡುವನು, ಬಸದಿಗೆ ಮಾಡುವನು. ಇಲ್ಲಿ ಹೊಲವು ಹೋದುದು ಕತ್ತಿ ಹಿಡಿದವನ ಕೈಗೆ. ಅದೂ ಅರ್ಹಂತರಿಗೆ ಸೇರಿದ ಊರಿನ ಹೊಲ. ಮೇಲಾಗಿ ಕಾಕುಸ್ಥವರ್ಮನ ಮರಿಮಗನ ಕಾಲದ ಶಾಸನವೊಂದು ಈ ಸಂಗತಿಯನ್ನು ಮರೆಯದೆ ಎತ್ತಿ ಹೇಳುವಾಗ, ಶ್ರುತಕೀರ್ತಿಯು ಕಾಕುಸ್ಥನ ಪ್ರಸಾದದಿಂದ ಖೇಟವನ್ನು ಅನುಭವಿಸಿದನೆಂದೇ ಹೇಳುವದು. ಪ್ರಸಾದವೆಂಬುದು ಒಡೆಯನು ಮೆಚ್ಚಿ ಕೊಡುವ ಕೊಡುಗೆ. ಆದುದರಿಂದ ಫ್ಲೀಟರ ಅರ್ಥವೇ ಹೆಚ್ಚು ಒಪ್ಪುವದು. ಧರ್ಮದ ಮಾತನ್ನು ಲೌಕಿಕದ ಋಣಕ್ಕೆ ಹೊದಿಸಿದ ಜಾಣತನವು ಶಾಸನ ಬರೆದವನದಿರಬಹುದು. ಈ ಕ್ಷೇತ್ರವನ್ನು ಕಿತ್ತುಕೊಂಡವನು ತನ್ನ ವಂಶದವನಾಗಲಿ ಪರವಂಶದವನಾಗಲಿ ಪಂಚಮಹಾಪಾತಕಕ್ಕೆ ಗುರಿಯಾಗುವನೆಂದು ಶಾಸನದಲ್ಲಿ ಶಾಪವಿದೆ. ಪರರಿಗಿಂತ ಮೊದಲು ತನ್ನ ವಂಶದವರನ್ನೇ ಎಚ್ಚರಿಸಿದುದು ಗಮನಿಸತಕ್ಕದ್ದು. ಉಪಕಾರವನ್ನು ಮರೆಯುವವರು ಮೊದಲು ಮನೆಯವರೇ ಎಂಬುದನ್ನು ಯುವರಾಜನು ಬಲ್ಲವನಾಗಿದ್ದನು.

ಮನೆಯವರು ಮರೆಯಲಿಲ್ಲ. ಕಾಕುಸ್ಥವರ್ಮನ ಮಗ ಶಾಂತಿವರ್ಮ, ಅವನ ಮಗ ಮೃಗೇಶವರ್ಮ. ಶ್ರುತಕೀರ್ತಿಯು ತೀರಿದ ತರುವಾಯ ಖೇಟಗ್ರಾಮವು ಅರಮನೆಗೆ ಮರಳದೆ, ಮೃಗೇಶನು ತಂದೆಯ ಆಜ್ಞೆಯನ್ನನುಸರಿಸಿ ಅದನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನು. ದಾಮಕೀರ್ತಿಯು ಶ್ರುತಕೀರ್ತಿಯ ಮಗನೆಂದು ಇತಿಹಾಸಕಾರರು ತಿಳಿಯುವರು. ಹಾಗಾದರೆ ಆ ತಾಯಿಯು ಸೇನಾಪತಿಯ ಹೆಂಡತಿಯೇ ಸರಿ. ಕೊಡುಗೆಯು ಮಗನಿಗೆ ಬರದೆ ತಾಯಿಗೆ ಬಂದುದು ಸಣ್ಣ ಮಾತಲ್ಲ. ದಾಮಕೀರ್ತಿಯೇನು ಎಳೆಯ ಮಗುವಾಗಿರಲಿಲ್ಲ. ಮೃಗೇಶನದೇ ಶಾಸನವೊಂದರಲ್ಲಿ ಆತನ ಹೆಸರು ಕಾಣಿಸಿಕೊಳ್ಳುವದು.

ಆ ಶಾಸನವೂ ಇದೇ ಏಳರಲ್ಲಿ ಒಂದು. ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಮೃಗೇಶವರ್ಮನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ತನ್ನ ಎಂಟನೆಯ ವರುಷದ ಕಾರ್ತಿಕ ಹುಣ್ಣಿಮೆಯಂದು ಮೂವತ್ತಮೂರು ನಿವರ್ತನ ಭೂಮಿಯನ್ನು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಗಡದವರಿಗೆ ಬಿಟ್ಟನು. ನಿವರ್ತನವೆಂಬುದು ಆ ಕಾಲದ ಹೊಲದ ಅಳತೆ. ಕದಂಬರು ವೈದಿಕ ಮನೆತನದವರು, ಮಾನವ್ಯಗೋತ್ರದವರು. ಆದರೂ ತಂದೆಯ ನೆನಹಿಗೆ ಜಿನಾಲಯವನ್ನು ಕಟ್ಟಿಸಿದರು, ಅದರಲ್ಲಿಯೂ ಒಂದೇ ಪಂಗಡವನ್ನು ಹಿಡಿಯದೆ ಮೂರಕ್ಕೂ ಹಂಚಿದರು. ಈಗಿನ ಜಾತಿಮತಗಳ ಲೆಕ್ಕದಿಂದ ಆ ಕಾಲವನ್ನು ಅಳೆಯಹೋಗುವವರು ಇಲ್ಲಿ ತುಸು ತಡೆದು ನಿಲ್ಲಬೇಕು.

ಮೃಗೇಶನ ಮಗ ರವಿವರ್ಮನು ಯುದ್ಧದಲ್ಲಿ ವಿಷ್ಣುವರ್ಮನೇ ಮೊದಲಾದವರನ್ನು ಅಳಿಸಿ, ಕಂಚಿಯ ಚಂಡದಂಡನನ್ನು ಕಿತ್ತೊಗೆದು ಪಲಾಶಿಕೆಯಲ್ಲಿ ನೆಲೆಸಿದನು. ಆ ಗೆಲವನ್ನು ಹೇಳುವ ಶಾಸನವು ದಾಮಕೀರ್ತಿಯ ತಮ್ಮನಾದ ಶ್ರೀಕೀರ್ತಿಯು ತನ್ನ ತಾಯಿಯ ಪುಣ್ಯಕ್ಕಾಗಿ ಜಿನೇಂದ್ರನಿಗೆ ನಾಲ್ಕು ನಿವರ್ತನ ಭೂಮಿಯನ್ನು ಅರ್ಪಿಸಿದುದನ್ನು ಹೇಳುವದಕ್ಕಾಗಿಯೇ ಹುಟ್ಟಿದುದು. ರಾಜನ ಶೌರ್ಯವೆಲ್ಲ ಒಬ್ಬ ತಾಯಿಯ ಹೆಸರಿನ ನಾಲ್ಕು ನಿವರ್ತನಕ್ಕೆ ಪೀಠಿಕೆಯಾಯಿತು!

ಇನ್ನೊಂದು ಶಾಸನವೇ ಹಬ್ಬದ ಶಾಸನ. ದಾಮಕೀರ್ತಿಯ ಹಿರಿಯ ಮಗನಾದ ಜಯಕೀರ್ತಿಯು ರವಿವರ್ಮನ ಪ್ರತಿಹಾರಿಯಾಗಿದ್ದನು, ಎಂದರೆ ಅರಮನೆಯ ಬಾಗಿಲಿನ ಅಧಿಕಾರಿ. ಆತನು ಅರಸನ ಅನುಗ್ರಹದಿಂದ ಪುರುಖೇಟಕವೆಂಬ ಗ್ರಾಮವನ್ನು ತನ್ನ ತಂದೆಯ ತಾಯಿಗೆ ಕೊಟ್ಟನೆಂದು ಅಲ್ಲಿ ಹೇಳಿದೆ. ಮೊಮ್ಮಗನು ಅಜ್ಜಿಗೆ ಊರು ಕೊಟ್ಟನು. ಮೃಗೇಶನಿಂದ ಖೇಟಗ್ರಾಮವನ್ನು ಪಡೆದ ದಾಮಕೀರ್ತಿಯ ತಾಯಿಯೂ ಈಕೆಯೇ. ಶ್ರೀಕೀರ್ತಿಯು ಪುಣ್ಯವನ್ನು ಬಯಸಿದ ತಾಯಿಯೂ ಈಕೆಯೇ ಆಗಿದ್ದರೆ, ಮೂರು ಕೊಡುಗೆಗಳು ಒಬ್ಬ ಮುದುಕಿಯ ಸುತ್ತ ಕೂಡಿದವೆನ್ನಬೇಕು. ಗಂಡನು ಮಾಡಿದ ಉಪಕಾರದ ಫಲವನ್ನು ಆಕೆಯು ಮಕ್ಕಳ ಕೈಯಿಂದ, ಮೊಮ್ಮಕ್ಕಳ ಕೈಯಿಂದ, ಅರಸರ ಕೈಯಿಂದ ಕಂಡಳು.

ಅನಂತರ ರವಿವರ್ಮನ ಕಟ್ಟಳೆ. ಆ ಗ್ರಾಮದ ಉತ್ಪನ್ನದಿಂದ ಪ್ರತಿವರುಷವೂ ಕಾರ್ತಿಕ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಮಹಿಮೆಯು ತಪ್ಪದೆ ನಡೆಯಬೇಕು; ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಅನ್ನ ನಡೆಯಬೇಕು; ಕುಮಾರದತ್ತನೇ ಮೊದಲಾದ ವಿದ್ವಾಂಸರು ನ್ಯಾಯಕ್ಕನುಸಾರವಾಗಿ ಅದರ ಫಲವನ್ನು ಅನುಭವಿಸಬೇಕು; ನಾಡವರೂ ನಗರದವರೂ ಪೂಜೆಯನ್ನು ನಡೆಯಿಸಬೇಕು. ಈ ವಿದ್ವಾಂಸರು ಹಲವು ಶಾಸ್ತ್ರಗಳನ್ನು ಅತಿಯಾಗಿ ಓದಿ ಬುದ್ಧಿ ಬಳಲಿದವರೆಂದು ಶಾಸನವು ಹೇಳುವದು. ಓದಿ ದಣಿದವರಿಗೂ ಒಂದು ಪಾಲನ್ನು ತೆಗೆದಿಟ್ಟ ಈ ಕಟ್ಟಳೆಯನ್ನು ಸಾಹಿತ್ಯಸಂಘದವರು ಮೆಚ್ಚದಿರಲಾರರು.

ಇಲ್ಲಿ ಕಾಲದ ಆಯ್ಕೆಯನ್ನು ನೋಡಬೇಕು. ಆಷಾಢ ಹುಣ್ಣಿಮೆಯಿಂದ ಕಾರ್ತಿಕ ಹುಣ್ಣಿಮೆಯವರೆಗೆ ಜೈನ ಯತಿಗಳು ಊರು ಬಿಟ್ಟು ಕದಲುವದಿಲ್ಲ, ಅದು ಚಾತುರ್ಮಾಸ್ಯ. ಖಾನಾಪುರದ ಮಳೆಯನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ಊಟದ ಕಷ್ಟವನ್ನು ವಿವರಿಸಬೇಕಾಗಿಲ್ಲ. ಹಳ್ಳಕೊಳ್ಳಗಳು ತುಂಬಿ ದಾರಿ ಮುಚ್ಚುವವು; ಹಿಂದಿನ ಸುಗ್ಗಿಯ ಕಾಳು ಮುಗಿಯುತ್ತ ಬಂದಿರುವದು; ಹೊಲದಲ್ಲಿ ಬತ್ತವು ಇನ್ನೂ ಹಸುರಾಗಿಯೇ ಇರುವದು. ಊರಿನವರಿಗೇ ಕೈ ಬಿಗಿಯಾದ ಹೊತ್ತಿನಲ್ಲಿ ಅತಿಥಿಗಳನ್ನು ಸಾಕುವ ಭಾರವನ್ನು ಪುರುಖೇಟಕದ ಉತ್ಪನ್ನದ ಮೇಲೆ ಹೊರಿಸಿತು ಕಟ್ಟಳೆ. ಕಾರ್ತಿಕಕ್ಕೆ ಮಳೆ ನಿಂತು, ಬತ್ತ ಬಲಿತು, ದಾರಿ ತೆರೆದಾಗ ಯತಿಗಳು ಹೊರಡುವ ಮುನ್ನ ಎಂಟು ದಿನಗಳ ಉತ್ಸವ. ಅಷ್ಟಾಹ್ನಿಕವೆಂಬ ಈ ಪರ್ವವು ಆಷಾಢ, ಕಾರ್ತಿಕ, ಫಾಲ್ಗುನಗಳಲ್ಲಿ ಇಂದಿಗೂ ಜೈನರಲ್ಲಿ ನಡೆದಿರುವದು. ಅವುಗಳಲ್ಲಿ ಕಾರ್ತಿಕವನ್ನೇ ರವಿವರ್ಮನು ಆರಿಸಿದುದರಲ್ಲಿ ಹೊಲಗದ್ದೆಯ ಲೆಕ್ಕವೂ ಸೇರಿತ್ತೆಂದರೆ ತಪ್ಪಾಗದು.

ಅದೇ ಲೆಕ್ಕವು ಬೇರೆ ರೂಪದಿಂದ ಈ ಸೀಮೆಯ ಒಕ್ಕಲಿಗರಲ್ಲಿಯೂ ಉಂಟು. ಶೀಗಿ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವರು. ತಂದ ಅಡಿಗೆಯಲ್ಲಿ ಮೊದಲ ಪಾಲನ್ನು ನಾಲ್ದೆಸೆಗೆ ಚರಗ ಚೆಲ್ಲಿ, ಬಳಿಕ ಗಿಡದ ನೆರಳಿನಲ್ಲಿ ನೆಂಟರಿಷ್ಟರೊಡನೆ ಉಣ್ಣುವರು. ಕೊಟ್ಟ ಭೂಮಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುವ ಈ ಪದ್ಧತಿಗೆ ತಾಮ್ರಪಟವಿಲ್ಲ, ಅರಸನ ಕಟ್ಟಳೆಯಿಲ್ಲ. ಆದರೂ ಅದು ನಿಂತಿದೆ. ಪಟವಿದ್ದ ಪಲಾಶಿಕೆಯ ಕಟ್ಟಳೆಯು ನಿಂತುಹೋಗಿದೆ.

ಉಳಿದ ಶಾಸನಗಳಲ್ಲಿ ರವಿವರ್ಮನ ತಮ್ಮ ಭಾನುವರ್ಮನ ಕಾಲದ್ದೊಂದು. ಹುಣ್ಣಿಮೆ ಹುಣ್ಣಿಮೆಗೆ ಜಿನಾಭಿಷೇಕ ನಡೆಯಲೆಂದು ಪಲಾಶಿಕೆಯ ಕರ್ದಮಪಟಿಯಲ್ಲಿ ಹದಿನೈದು ನಿವರ್ತನ ಬಿಟ್ಟುದನ್ನು ಅದು ಹೇಳುವದು. ರವಿವರ್ಮನ ಮಗ ಹರಿವರ್ಮನವು ಎರಡು. ಆತನ ಐದನೆಯ ವರುಷದ್ದು ಸೇಂದ್ರಕರ ಭಾನುಶಕ್ತಿಯ ಬಿನ್ನಹದಿಂದ ಮರದೆಯೆಂಬ ಊರನ್ನು ಕೊಟ್ಟುದು. ನಾಲ್ಕನೆಯ ವರುಷದ್ದು ಹೆಚ್ಚು ಸ್ವಾರಸ್ಯವಾದುದು. ಸಿಂಹ ಸೇನಾಪತಿಯ ಮಗನಾದ ಮೃಗೇಶನೆಂಬವನು (ಅರಸನಲ್ಲ, ಹೆಸರು ಮಾತ್ರ ಅರಸನದು) ಪಲಾಶಿಕೆಯಲ್ಲಿ ಕಟ್ಟಿಸಿದ ಚೈತ್ಯಾಲಯಕ್ಕೆ ವಸುಂತವಾಟಕವೆಂಬ ಊರು ಹೋಯಿತು. ಚಿಕ್ಕಪ್ಪನಾದ ಶಿವರಥನ ಉಪದೇಶದಿಂದ ಅರಸನು ಈ ದಾನವನ್ನು ಮಾಡಿದನು. ಮತ್ತೆ ಒಬ್ಬ ಸೇನಾಪತಿಯ ಮಗ, ಮತ್ತೆ ವರುಷಕ್ಕೊಮ್ಮೆ ಎಂಟು ದಿನದ ಪೂಜೆ. ಉತ್ಪನ್ನದಿಂದ ಮೊದಲು ತುಪ್ಪದ ಅಭಿಷೇಕ ನಡೆಯತಕ್ಕದ್ದು. ಅದು ಕಳೆದು ಏನು ಉಳಿಯುವದೋ ಅದರಿಂದ ಸಂಘದವರೆಲ್ಲರಿಗೂ ಊಟ ಹಾಕತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಉಳಿದುದನ್ನು ಭಂಡಾರಕ್ಕೆ ಸೇರಿಸಿರೆಂದು ಹೇಳಲಿಲ್ಲ.

ಹರಿವರ್ಮನ ತರುವಾಯ ನಾಡು ಬಾದಾಮಿಯ ಚಾಲುಕ್ಯರ ಕೈಸೇರಿತು. ಪಲಾಶಿಕೆಯು ಹಲಸಿಗೆ ಹನ್ನೆರಡು ಸಾಸಿರವೆಂಬ ನಾಡಿಗೆ ಹೆಸರು ಕೊಟ್ಟು, 12ನೆಯ ಶತಮಾನದಲ್ಲಿ ಗೋವೆಯ ಕದಂಬರ ಕಾಲಕ್ಕೆ ನರಸಿಂಹ ವರಾಹರ ಗುಡಿಯಿಂದ ಮತ್ತೊಮ್ಮೆ ಬೆಳಗಿತು. ಅಷ್ಟರೊಳಗೆ ಶ್ರುತಕೀರ್ತಿಯ ಮನೆತನವು ಶಾಸನಗಳಿಂದ ಮರೆಯಾಗಿತ್ತು. ಏಳು ಪಟಗಳಲ್ಲಿ ಸೇನಾಪತಿಯ ಹೆಸರಿದೆ, ಮಕ್ಕಳ ಹೆಸರಿದೆ, ಮೊಮ್ಮಗನ ಹೆಸರಿದೆ, ಹೊಲಗಳ ಹೆಸರುಗಳು ಕೂಡ ಇವೆ. ಎರಡು ಊರುಗಳನ್ನು ಪಡೆದ ಆ ತಾಯಿಯನ್ನು ಮಾತ್ರ ಇಂಥವನ ತಾಯಿ, ಇಂಥವನ ಅಜ್ಜಿ ಎಂದಷ್ಟೇ ಬರೆದಿದ್ದಾರೆ.