ಊರಿನ ಹೆಸರು ಹೊತ್ತ ಕಾಯಿಲೆಗಳು: ಕ್ಯಾಸನೂರು ಮತ್ತು ಹಂದಿಗೋಡು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಅದೇ ಹೊತ್ತಿಗೆ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಜನರಲ್ಲಿ ಕಾಣಿಸಿದ್ದು ವಿಷಮಶೀತ ಜ್ವರ ಇರಬಹುದೆಂದು ಮೊದಲಿಗೆ ಅನ್ನಿಸಿತ್ತು. ಮಂಗಗಳ ಸಾವು ಸೇರಿಕೊಂಡಾಗ ಇನ್ನೂ ದೊಡ್ಡ ಆತಂಕ ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ? ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಮಲೆನಾಡಿಗೆ ಬಂದರು. ಅವರಿಗೆ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ. ರಷ್ಯಾದಲ್ಲಿ ಉಣುಗುಗಳಿಂದ ಹರಡಿ ಮಿದುಳಿಗೆ ಉರಿಯೂತ ತರುವ ವೈರಸ್‌ಗಳ ಹತ್ತಿರದ ಬಳಗಕ್ಕೆ ಸೇರಿದ ಹೊಸದೊಂದು ವೈರಸ್ ಅದು. ಅದು ದೊರೆತ ಮಂಗ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದಾದ್ದರಿಂದ ರೋಗಕ್ಕೆ 'ಕ್ಯಾಸನೂರು ಅರಣ್ಯ ರೋಗ' ಎಂಬ ಹೆಸರು ಬಿತ್ತು.

ಹಳ್ಳಿಯವರು ಕರೆದದ್ದು ಬೇರೆ: ಮಂಗನ ಕಾಯಿಲೆ. ಕಣ್ಣೆದುರು ಸತ್ತು ಬೀಳುತ್ತಿದ್ದದ್ದು ಮಂಗ, ಹೆಸರೂ ಅದರದೇ. ಆದರೆ ಮಂಗವೂ ಈ ರೋಗದ ಬಲಿಪಶು. ವೈರಸ್ಸನ್ನು ಸಾಗಿಸುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಸೌದೆ, ದರಗು ತರಲು, ದನ ಮೇಯಿಸಲು ಕಾಡಿಗೆ ಹೋದವರಿಗೆ ಅದು ಕಚ್ಚುತ್ತದೆ. ಪ್ರಯೋಗಾಲಯದ ಹೆಸರಿನಲ್ಲಾಗಲಿ ಹಳ್ಳಿಯವರಿಟ್ಟ ಹೆಸರಿನಲ್ಲಾಗಲಿ ಈ ಉಣುಗಿನ ಸುಳಿವೇ ಇಲ್ಲ.

ಕ್ಯಾಸನೂರಿನ ಗಡಿಯನ್ನು ರೋಗ ಎಂದೋ ದಾಟಿದೆ. 2012ರಲ್ಲಿ ಬಂಡೀಪುರದ ಕಡೆ, 2013ರಲ್ಲಿ ವಯನಾಡಿನಲ್ಲಿ, ಆಮೇಲೆ ಗೋವಾ ಮತ್ತು ಮಹಾರಾಷ್ಟ್ರದಲ್ಲೂ ಅದು ಕಾಣಿಸಿತು. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಒಂದು ವೈರಸ್ ಇದರ ಹತ್ತಿರದ ನೆಂಟ. ಅದರ ಹೆಸರಿನ ಕತೆ ಇನ್ನೂ ವಿಚಿತ್ರ. ಅದು ಪತ್ತೆಯಾದದ್ದು ಜೆಡ್ಡಾ ಬಳಿಯ ಅಲ್ ಖುಮ್ರಾದಲ್ಲಿ, ಅಂತರರಾಷ್ಟ್ರೀಯ ಬರಹಗಳಲ್ಲಿ ರೂಢಿಗೆ ಬಂದದ್ದು ಅಲ್ ಖುರ್ಮಾ. ಅದು ಬೇರೆಯೇ ಊರು! ಅಕ್ಷರಗಳ ಅದಲುಬದಲಿನಿಂದ ಸಂಬಂಧವಿಲ್ಲದ ಊರೊಂದರ ತಲೆಗೆ ರೋಗ ಕಟ್ಟಿದಂತಾಯಿತು. ತಿದ್ದುಪಡಿ ಕೋರಿ ಸೌದಿ ವೈದ್ಯರು ಪ್ರಬಂಧವನ್ನೇ ಬರೆಯಬೇಕಾಯಿತು.

ರೋಗವನ್ನು ಇನ್ನೊಬ್ಬರ ನಾಡಿಗೆ ಅಂಟಿಸುವುದು ಹೊಸ ಚಾಳಿಯಲ್ಲ. ಇಟಲಿಯವರು 'ಫ್ರೆಂಚ್ ರೋಗ' ಎಂದು ಬೈದ ಲೈಂಗಿಕ ಕಾಯಿಲೆಯನ್ನು ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥಕಾರ ಭಾವಮಿಶ್ರ 'ಫಿರಂಗ ರೋಗ' ಎಂದ. ಕನ್ನಡದಲ್ಲಿ ಅದು ಪರಂಗಿ ಹುಣ್ಣು. ವೆರೋನಾದ ವೈದ್ಯ ಫ್ರಾಕಾಸ್ಟೊರೊ 1530ರ ತನ್ನ ಕಾವ್ಯದಲ್ಲಿ ಸಿಫಿಲಸ್ ಎಂಬ ಕುರುಬನನ್ನು ಸೃಷ್ಟಿಸಿದ ಮೇಲೆ, ಯಾವ ದೇಶಕ್ಕೂ ನೋವಾಗದ 'ಸಿಫಿಲಿಸ್' ವೈದ್ಯರ ಬಾಯಿಗೆ ಬಂತು.

1976ರಲ್ಲಿ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಯಂಬುಕು ಹಳ್ಳಿಯಲ್ಲಿ ಭೀಕರ ಜ್ವರ ಕಾಣಿಸಿದಾಗ ಸಂಶೋಧಕರು ಹಳ್ಳಿಯ ಹೆಸರನ್ನು ಬೇಕೆಂದೇ ಬಿಟ್ಟು ಎಬೋಲಾ ನದಿಯ ಹೆಸರಿಟ್ಟರು. ಆ ಎಚ್ಚರ ನಿಯಮವಾದದ್ದು 2015ರಲ್ಲಿ. ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರು ಬೇಡ, ಲಕ್ಷಣ ಹೇಳುವ ಪದಗಳಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು. ಈ ಅಳತೆಗೆ ಕ್ಯಾಸನೂರೂ ನಿಲ್ಲದು, ಮಂಗವೂ ನಿಲ್ಲದು.

ಆದರೆ ಲಕ್ಷಣ ಹೇಳುವ ಹೆಸರು ನಿಜಕ್ಕೂ ಹೆಚ್ಚು ನಂಬಲರ್ಹವೇ? ಸಾಗರ ತಾಲ್ಲೂಕಿನ ಹಂದಿಗೋಡು ಈ ಪ್ರಶ್ನೆಗೆ ಒಳ್ಳೆಯ ಪರೀಕ್ಷೆ. ಅಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ, ಮೊಣಕಾಲು ನೋವಿನಿಂದ ನಡೆಯಲಾಗದವರು ವೈದ್ಯರ ಗಮನಕ್ಕೆ ಬಂದರು. ಹೆಚ್ಚಿನವರು ಚಲವಾದಿ ಮತ್ತು ಚನ್ನಂಗಿ ಸಮುದಾಯದ ಬಡವರು. ರೋಗಕ್ಕೆ ಎರಡು ಹೆಸರು ಬಂದವು: 'ಹಂದಿಗೋಡು ರೋಗ' ಮತ್ತು 'ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ'. ಎರಡನೆಯದು ಹೆಚ್ಚು ವೈಜ್ಞಾನಿಕವಾಗಿ ಕೇಳಿಸುತ್ತದೆ, ಆದರೆ ಎಡವಿದ್ದು ಅದೇ. ಮುಂದಿನ ಅಧ್ಯಯನಗಳಲ್ಲಿ ಇದು ಮೂಲತಃ ಕೀಲುಗಳ ಉರಿಯೂತವಲ್ಲ, ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳ ಬೆಳವಣಿಗೆಯಲ್ಲೇ ಇರುವ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ದೋಷ ಎಂದು ಕಂಡುಬಂತು. 'ಕೌಟುಂಬಿಕ' ಉಳಿಯಿತು, 'ಸಂಧಿವಾತ' ಸಡಿಲವಾಯಿತು. ಹಂದಿಗೋಡು ಎಂಬ ಪದ ಕಾರಣದ ಬಗ್ಗೆ ಏನನ್ನೂ ಹೇಳದ್ದರಿಂದಲೇ ಸುಳ್ಳಾಗಲಿಲ್ಲ. ಅದರ ಕೊರತೆ ಬೇರೆ ಕಡೆಯದು: ಇದೇ ರೋಗದವರು ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಇದ್ದಾರೆ.