ಎಫ್6 ಒತ್ತುವ ಕಾಲ

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಆಗ ನಾನು ಶಹಾಪುರದ ಕಂಪ್ಯೂಟರ್ ಅಂಗಡಿಯೊಂದರಲ್ಲಿದ್ದೆ. ಮರುವರ್ಷ ಸುರಪುರದಲ್ಲಿ ಡಿಟಿಪಿ ಮಾಡುವ ಅಣ್ಣಾರೊಬ್ಬರು ಹೊಸ ಲ್ಯಾಪ್‌ಟಾಪ್ ತಂದರು. ಅವರ ಹಳೇ ಪ್ರಿಂಟರ್ ಎಕ್ಸ್‌ಪಿಯಲ್ಲಷ್ಟೇ ನಡೆಯುತ್ತಿತ್ತು. ಎಕ್ಸ್‌ಪಿ ಸಿಡಿ ಹಾಕಿದರೆ ಹಾರ್ಡ್ ಡಿಸ್ಕೇ ಇಲ್ಲ ಅಂತು. "ಹೊಸಾದೇ ಕೆಟ್ಟದೇನೋ ತಮ್ಮಾ? ಸಾಲ ಮಾಡಿ ತಂದೀನಿ" ಅಂದರು.

ಕೆಟ್ಟಿರಲಿಲ್ಲ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಸಾಟಾ ಡಿಸ್ಕ್ ನಡೆಸುವ ಎಎಚ್‌ಸಿಐ 1.0 ನಿಯಮಾವಳಿ 2004ರದು. ತನಗಿಂತ ಆಮೇಲೆ ಹುಟ್ಟಿದ್ದನ್ನು ಸಿಡಿ ಹ್ಯಾಗೆ ಗುರುತಿಸೀತು? ಮೈಕ್ರೋಸಾಫ್ಟ್ ಇಟ್ಟಿದ್ದ ದಾರಿ, ಶುರುವಿನಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವುದು. ಲ್ಯಾಪ್‌ಟಾಪಿಗೆ ಫ್ಲಾಪಿ ಎಲ್ಲೈತ್ರೀ? ಬಯಾಸಿನಲ್ಲಿ ಐಡಿಇಗೆ ಬದಲಿಸುವ ಆಯ್ಕೆಯೂ ಇರಲಿಲ್ಲ.

ಕೊನೆಗೆ ಸಿಡಿಯಲ್ಲಿದ್ದುದನ್ನೆಲ್ಲ ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡಿ, ಎನ್‌ಲೈಟ್‌ನಿಂದ ಆ ಚಿಪ್‌ಸೆಟ್ಟಿನ ಡ್ರೈವರ್ ಸೇರಿಸಿ, ಹೊಸ ಸಿಡಿ ಬರೆದೆ. ಮೊದಲನೆಯದು ಹಾಳಾಯಿತು, 32 ಬಿಟ್ ಎಕ್ಸ್‌ಪಿಗೆ 64 ಬಿಟ್ ಡ್ರೈವರ್ ಹಾಕಿದ್ದೆ. ಎರಡನೆಯದಕ್ಕೆ ಡಿಸ್ಕ್ ಕಾಣಿಸಿತು. ಅಣ್ಣಾರು ಉಸಿರು ಬಿಟ್ಟರು.

ವಿಸ್ಟಾದಿಂದ ಈಚೆಗೆ ಎಎಚ್‌ಸಿಐ ಡ್ರೈವರ್ ಒಳಗೇ ಬಂತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲವೂ ಮುಗಿಯಿತು. ಅಷ್ಟರೊಳಗೆ ಎಷ್ಟು ಒಳ್ಳೇ ಡಿಸ್ಕುಗಳು 'ಕೆಟ್ಟದ' ಅನ್ನಿಸಿಕೊಂಡು ಮೂಲೆ ಸೇರಿದವೋ!